ರ ಗ ಸ ದ ಅ: ಪಠ್ಯಕ್ರಮದೊಳಗಿನ ಹಳೇ ಜಗಳ

ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಮಗು ಸೇರಿ ಸ್ವಲ್ಪ ದಿನ ಆಗಿರುತ್ತದೆ. ಮನೆಗೆ ಬಂದ ನೆಂಟರು ಹತ್ತಿರ ಕರೆದು, "ಎಲ್ಲಿ, ಅ ಆ ಇ ಈ ಹೇಳು ನೋಡೋಣ" ಅನ್ನುತ್ತಾರೆ. ಮಗು ಮಿಕಿಮಿಕಿ ನೋಡುತ್ತದೆ. ಅದೇ ಮಗುವಿನ ಕೈಗೆ ಸ್ಲೇಟು ಕೊಟ್ಟರೆ 'ಗರಗಸ' ಅಂತ ಬರೆದು, ಓದಿಯೂ ತೋರಿಸುತ್ತದೆ. ಒಂದರಿಂದ ಮೂರನೇ ತರಗತಿಗೆ ಹಾಡು, ಕಾರ್ಡುಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ ಬಂದ ಮೇಲೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇದು ನಡೆದಿದೆ. "ಅಕ್ಷರಮಾಲೆನೇ ಬರಲ್ಲ, ಏನ್ ಕಲಿಸ್ತೀರಿ ಮೇಡಂ?" ಎಂಬ ಮಾತು ಶಿಕ್ಷಕಿಯರಿಗೆ ಹೊಸದೇನಲ್ಲ.

ನಲಿಕಲಿಯಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಇದರ ಲೆಕ್ಕಾಚಾರ ಸರಳ. ಮೊದಲ ಐದೂ ಗುಂಡಗಿನ ಅಕ್ಷರಗಳು, ಪುಟ್ಟ ಕೈಗೆ ತಿರುಗಿಸಲು ಸುಲಭ. ಐದೇ ಐದು ಕಲಿತರೆ ಸರ, ದರ, ರಸ, ಅಗಸ, ಅರಸ, ಗರಗಸ ಎಲ್ಲವನ್ನೂ ಓದಬಹುದು. ಅದೇ 'ಅ ಆ ಇ ಈ ಉ' ಕಲಿತ ಮಗು ಏನು ಓದೀತು? 'ಆ', 'ಈ' ಬಿಟ್ಟರೆ ಬೇರೆ ಪದವೇ ಹುಟ್ಟುವುದಿಲ್ಲ.

ಹಾಗಂತ ಅಕ್ಷರಮಾಲೆಯನ್ನು ಯಾರೋ ಮನಸ್ಸಿಗೆ ಬಂದ ಹಾಗೆ ಜೋಡಿಸಿಲ್ಲ. ಕ-ವರ್ಗ ಗಂಟಲ ಹತ್ತಿರ ಹುಟ್ಟುತ್ತದೆ, ಚ-ವರ್ಗ ಅಂಗುಳಲ್ಲಿ, ತ-ವರ್ಗ ಹಲ್ಲಿನ ಹಿಂದೆ, ಪ-ವರ್ಗ ತುಟಿಯಲ್ಲಿ. ದನಿ ಹೊರಬರುವ ದಾರಿಯನ್ನೇ ಒಳಗಿಂದ ಹೊರಕ್ಕೆ ಜೋಡಿಸಿದ್ದಾರೆ. ಪ್ರತಿ ಸಾಲಿನಲ್ಲೂ ಅಲ್ಪಪ್ರಾಣದ ಪಕ್ಕ ಮಹಾಪ್ರಾಣ, ಕೊನೆಗೆ ಮೂಗಿನ ದನಿ. ಇಷ್ಟು ಅಚ್ಚುಕಟ್ಟಾದ ಪಟ್ಟಿ ಜಗತ್ತಿನ ಬಹಳ ಲಿಪಿಗಳಿಗಿಲ್ಲ.

ಅಂದರೆ ಎರಡೂ ಕ್ರಮಗಳಿಗೆ ಕಾರಣವಿದೆ. ಒಂದು ಭಾಷೆಯೊಳಗಿನ ವ್ಯವಸ್ಥೆಯನ್ನು ಹಿಡಿದು ಹೊರಟಿದೆ. ಇನ್ನೊಂದು ಆರು ವರ್ಷದ ಮಗುವಿನ ಕೈ, ಕಣ್ಣು, ಬಾಯಿಯನ್ನು ಹಿಡಿದು ಹೊರಟಿದೆ. ನೆಂಟರದ್ದು ಮೂರನೇ ಲೆಕ್ಕ: ಕಲಿತದ್ದು ನಾಲ್ಕು ಜನರಿಗೆ ಕಾಣಬೇಕು, ಊರು ಒಪ್ಪಿದ ರೀತಿಯಲ್ಲಿ ಕಾಣಬೇಕು. ಪಠ್ಯಕ್ರಮದ ಬಗ್ಗೆ ಇಡೀ ಪ್ರಪಂಚದಲ್ಲಿ ನಡೆದಿರುವ ಜಗಳವೆಲ್ಲ ಒಂದನೇ ಕ್ಲಾಸಿನ ಮೊದಲ ಪಾಠದಲ್ಲೇ ಇದೆ, ಅಲ್ವಾ?

ಜಗಳ ಯಾಕೆ ಬರುತ್ತದೆ? ಸಮಯ ಕಡಿಮೆ ಇರುವುದರಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. 6ರಿಂದ 8ಕ್ಕೆ 220 ದಿನ, 1,000 ಗಂಟೆ. ದಿನಕ್ಕೆ ನಾಲ್ಕು, ನಾಲ್ಕೂವರೆ ಗಂಟೆ ಅಂದುಕೊಳ್ಳಿ. ಇಷ್ಟರಲ್ಲೇ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ, ಆಟ, ಹಾಡು, ಚಿತ್ರ ಎಲ್ಲ ಮುಗಿಯಬೇಕು. ಅದರ ಮೇಲೆ ಪ್ರತಿ ವರ್ಷ ಯಾರೋ ಒಬ್ಬರು "ಇದನ್ನೂ ಶಾಲೆಯಲ್ಲಿ ಕಲಿಸಬೇಕು" ಎಂದು ಭಾಷಣ ಮಾಡುತ್ತಾರೆ. ಯೋಗ, ಟ್ರಾಫಿಕ್ ನಿಯಮ, ಕೋಡಿಂಗ್, ನೀತಿಪಾಠ, ಕೃಷಿ, ಉಳಿತಾಯ. ಒಂದೂ ಕೆಟ್ಟ ವಿಷಯ ಅಲ್ಲ. ಆದರೆ "ಇದಕ್ಕಾಗಿ ಏನು ತೆಗೆಯೋಣ?" ಎಂದು ಭಾಷಣ ಮಾಡುವವರು ಹೇಳುವುದೇ ಇಲ್ಲ. ನನ್ನ ಪ್ರಕಾರ ಒಂದು ಪಠ್ಯಕ್ರಮ ನಿಜಕ್ಕೂ ಏನು ನಂಬುತ್ತದೆ ಎಂದು ತಿಳಿಯಬೇಕಾದರೆ, ಅದು ಏನನ್ನು ಬಿಟ್ಟಿದೆ ಎಂದು ನೋಡಬೇಕು. ಸೇರಿಸಿದ್ದರ ಪಟ್ಟಿ ಎಲ್ಲ ಕಡೆ ಒಂದೇ ಥರ ಇರುತ್ತದೆ.

1859ರಲ್ಲೇ ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್ ಈ ಪ್ರಶ್ನೆಯನ್ನು ನೇರವಾಗಿ ಕೇಳಿದ್ದ. ಯಾವ ಜ್ಞಾನಕ್ಕೆ ಎಲ್ಲಕ್ಕಿಂತ ಬೆಲೆ ಜಾಸ್ತಿ? ಅವನು ಬದುಕಿನ ಕೆಲಸಗಳನ್ನು ಸಾಲಾಗಿ ಜೋಡಿಸಿದ. ಜೀವ ಉಳಿಸಿಕೊಳ್ಳುವುದು ಮೊದಲು, ಸಾಹಿತ್ಯ ಸಂಗೀತದಂಥ ಬಿಡುವಿನ ಸುಖ ಕೊನೆಗೆ. ಎಲ್ಲಕ್ಕೂ ಬೇಕಾದದ್ದು ವಿಜ್ಞಾನ ಅಂದ. ಅವನ ಉತ್ತರವನ್ನು ಬಹಳ ಜನ ಒಪ್ಪಲಿಲ್ಲ. ಪ್ರಶ್ನೆ ಮಾತ್ರ ಉಳಿಯಿತು. ಆಮೇಲೆ ಬಂದ ಉತ್ತರಗಳಲ್ಲಿ ನಾಲ್ಕು ಗಟ್ಟಿಯಾಗಿ ನಿಂತಿವೆ.

ಒಂದನೇ ಪಂಗಡ ಹೇಳುವುದು ಇಷ್ಟು. ಮನುಷ್ಯರು ಸಾವಿರಾರು ವರ್ಷ ಕೂಡಿಟ್ಟ ತಿಳಿವಳಿಕೆ ಇದೆ. ಗಣಿತಕ್ಕೆ, ವಿಜ್ಞಾನಕ್ಕೆ, ಇತಿಹಾಸಕ್ಕೆ ಅದರದೇ ಆದ ಯೋಚನೆಯ ದಾರಿ ಇದೆ. ಅದನ್ನು ಮುಂದಿನವರಿಗೆ ದಾಟಿಸುವುದೇ ಶಾಲೆಯ ಕೆಲಸ. ಇದು ಮೇಲ್ನೋಟಕ್ಕೆ ಹಳೇ ಪಂಡಿತರ ವಾದದಂತೆ ಕಾಣುತ್ತದೆ. ಆದರೆ ಇದರೊಳಗೆ ಒಂದು ಸಮಾನತೆಯ ಮಾತಿದೆ. 1893ರಲ್ಲಿ ಅಮೆರಿಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಎಲಿಯಟ್ ಅಧ್ಯಕ್ಷತೆಯ ಹತ್ತು ಜನರ ಸಮಿತಿ ಹೈಸ್ಕೂಲಿನ ಪಾಠಗಳ ಬಗ್ಗೆ ವರದಿ ಕೊಟ್ಟಿತು. ಕಾಲೇಜಿಗೆ ಹೋಗುವ ಹುಡುಗನಿಗೆ ಒಂದು ಬೀಜಗಣಿತ, ಕೆಲಸಕ್ಕೆ ಹೋಗುವವನಿಗೆ ಇನ್ನೊಂದು ಬೀಜಗಣಿತ ಬೇಡ, ಒಂದು ವಿಷಯವನ್ನು ಕಲಿಸುವುದಾದರೆ ಎಲ್ಲರಿಗೂ ಒಂದೇ ರೀತಿ ಕಲಿಸಿ ಎಂದು ಅದು ಹೇಳಿತು. ಯಾರು ಮುಂದೆ ಏನಾಗುತ್ತಾರೆ ಎಂದು ಮೇಷ್ಟ್ರು ಮೊದಲೇ ತೀರ್ಮಾನ ಮಾಡಬಾರದು ಎಂಬುದು ಅದರ ಅರ್ಥ.

ಎರಡನೇ ಪಂಗಡಕ್ಕೆ ಇದು ದಂಡ ಖರ್ಚು. ಮಕ್ಕಳು ದೊಡ್ಡವರಾದ ಮೇಲೆ ಯಾವ ಕೆಲಸ ಮಾಡುತ್ತಾರೋ ಅದಕ್ಕೆ ತಯಾರು ಮಾಡಿ, ಸಾಕು. ಇದರ ದೊಡ್ಡ ಹೆಸರು ಶಿಕಾಗೋ ವಿಶ್ವವಿದ್ಯಾಲಯದ ಫ್ರಾಂಕ್ಲಿನ್ ಬಾಬಿಟ್. ಕಾರ್ಖಾನೆಗಳಲ್ಲಿ ಫ್ರೆಡರಿಕ್ ಟೇಲರ್ ಎಂಬಾತ ಗಡಿಯಾರ ಹಿಡಿದು ಕೂಲಿಕಾರರ ಒಂದೊಂದು ಕೈಚಲನೆಯನ್ನೂ ಅಳೆಯುತ್ತಿದ್ದ ಕಾಲ ಅದು. ಬಾಬಿಟ್ ಅದೇ ಕಣ್ಣಿನಿಂದ ಶಾಲೆಯನ್ನು ನೋಡಿದ. 1918ರಲ್ಲಿ ಪಠ್ಯಕ್ರಮದ ಬಗ್ಗೆ ಅವನ ಪುಸ್ತಕ ಬಂತು. ದೊಡ್ಡವರು ದಿನನಿತ್ಯ ಮಾಡುವ ಕೆಲಸಗಳನ್ನೆಲ್ಲ ಪಟ್ಟಿ ಮಾಡಿ. ಪ್ರತಿಯೊಂದನ್ನೂ ಸಣ್ಣ ಸಣ್ಣ ತುಂಡು ಮಾಡಿ. ಪ್ರತಿ ತುಂಡಿಗೂ ಒಂದು ಗುರಿ ಬರೆಯಿರಿ. ಆ ಗುರಿಗಳನ್ನು ಸೇರಿಸಿದರೆ ಪಠ್ಯಕ್ರಮ ತಯಾರು.

ಕೇಳಲು ಒಣಒಣ ಅನ್ನಿಸುತ್ತದೆ. ಆದರೆ ಇವತ್ತು ಗೆದ್ದಿರುವುದು ಇವನೇ. ನಮ್ಮ ಶಿಕ್ಷಕರ ಕೈಪಿಡಿಯಲ್ಲಿ 'ಕಲಿಕಾ ಫಲಗಳು' ಎಂದು ಸಾಲಾಗಿ ಬರುತ್ತವಲ್ಲ, ಆ ಬರವಣಿಗೆಯ ಬೇರು ಇಲ್ಲಿದೆ. ಕೋವಿಡ್ ನಂತರ 2022-23ರಲ್ಲಿ ಕರ್ನಾಟಕ ನಡೆಸಿದ 'ಕಲಿಕಾ ಚೇತರಿಕೆ'ಯೂ ಕಲಿಕಾ ಫಲಗಳ ಪಟ್ಟಿ ಹಿಡಿದು, ಕಲಿಕಾ ಹಾಳೆ ತುಂಬಿಸುವ ದಾರಿಯಲ್ಲೇ ನಡೆಯಿತು.

ಇನ್ನೂ ಮಜಾ ಇರುವುದು ನಲಿಕಲಿಯಲ್ಲಿ. ಇದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರೇ ಕಾರ್ಡು, ಹಾಡು, ಕತೆ ಎಲ್ಲ ತಯಾರಿಸಿದರು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಹಾಡುವುದು, ನೆಲದ ಮೇಲೆ ಗುಂಪಾಗಿ ಕೂರುವುದು, ತಲೆಯ ಮೇಲೆ ಮಕ್ಕಳ ಚಿತ್ರ ನೇತುಹಾಕುವ ಚಪ್ಪರ ಇದೆಲ್ಲ ನೋಡಿದವರು ಇದನ್ನು ಮಕ್ಕಳ ಸ್ವಾತಂತ್ರ್ಯದ ಪದ್ಧತಿ ಅಂದುಕೊಳ್ಳುತ್ತಾರೆ. ಆದರೆ ಗೋಡೆಯ ಮೇಲಿನ ಕಲಿಕಾ ಏಣಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಮೈಲಿಗಲ್ಲುಗಳು, ಒಂದೊಂದು ಮೈಲಿಗಲ್ಲಿಗೂ ಹತ್ತಾರು ಮೆಟ್ಟಿಲು, ಒಂದೊಂದು ಮೆಟ್ಟಿಲಿಗೂ ಒಂದು ಕಾರ್ಡು. ಮಗು ಯಾವ ಕಾರ್ಡು ಮುಗಿಸಿದೆ, ಮುಂದೆ ಶಿಕ್ಷಕಿ ಜೊತೆ ಕೂರಬೇಕಾ, ಗೆಳೆಯರ ಜೊತೆಗಾ, ಒಂಟಿಯಾಗಾ ಎಂಬುದೆಲ್ಲ ಮೊದಲೇ ನಿಗದಿ. ಮಗುವಿಗೆ ಇರುವ ಸ್ವಾತಂತ್ರ್ಯ ವೇಗದ್ದು. ಈ ವಾರ ಜ್ವರ ಬಂದು ಮಲಗಿದರೆ ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ದಾರಿ ಬದಲಿಸುವಂತಿಲ್ಲ. ಮೈ ಮಗುವಿನಿಂದ ಶುರುಮಾಡುವ ಮೂರನೇ ಪಂಗಡದ್ದು (ಅದರ ಮಾತು ಮುಂದೆ ಬರುತ್ತದೆ), ಮೂಳೆ ಬಾಬಿಟ್‌ನದ್ದು! ಇದು ದೂರಲ್ಲ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಒಬ್ಬರೇ ಶಿಕ್ಷಕಿಯ ಮುಂದೆ ಕೂತಿರುವಾಗ ಇಂಥ ಗಟ್ಟಿ ಮೂಳೆ ಇಲ್ಲದೆ ಆಗುವುದೂ ಇಲ್ಲ.

ಇದೇ ಮಗು ನಾಲ್ಕನೇ ತರಗತಿಗೆ ಹೋದಾಗ ಕಾರ್ಡು ಹೋಗಿ ಪುಸ್ತಕ ಬರುತ್ತದೆ, ಏಣಿ ಹೋಗಿ ಪಾಠದ ಕ್ರಮಸಂಖ್ಯೆ ಬರುತ್ತದೆ. ಎಲ್ಲರೂ ಒಂದೇ ದಿನ ಒಂದೇ ಪುಟ. ಬೇಸಿಗೆ ರಜೆಯಲ್ಲಿ ಅದರ ಪಾಲಿಗೆ ಶಿಕ್ಷಣದ ತತ್ವವೇ ಬದಲಾಗಿರುತ್ತದೆ. ಅದನ್ನು ಯಾರೂ ಮಗುವಿಗೂ ಹೇಳಿರುವುದಿಲ್ಲ, ಅಪ್ಪ ಅಮ್ಮನಿಗೂ ಹೇಳಿರುವುದಿಲ್ಲ.

ಮೂರನೇ ಪಂಗಡದ ಮಾತು ಮಗುವಿನಿಂದ ಶುರು. ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ 1896ರಲ್ಲಿ ಶಿಕಾಗೋದಲ್ಲೇ ಒಂದು ಪ್ರಯೋಗಶಾಲೆ ತೆರೆದ. ಪ್ರಯೋಗ ಅಲ್ಲಿ ನಡೆಯುತ್ತಿದ್ದುದು ಶಾಲೆಯ ಮೇಲೆಯೇ. ಅಲ್ಲಿ ಮಕ್ಕಳು ಅಡುಗೆ ಮಾಡುತ್ತಿದ್ದರು, ಮರಗೆಲಸ ಮಾಡುತ್ತಿದ್ದರು, ನೇಯುತ್ತಿದ್ದರು. ಒಂದು ಸಲ ಮಕ್ಕಳ ಕೈಗೆ ಹತ್ತಿಯನ್ನೂ ಉಣ್ಣೆಯನ್ನೂ ಕೊಟ್ಟರು. ಒಂದು ಗುಂಪು ಅರ್ಧ ಗಂಟೆ ಕೂತು ಹತ್ತಿಯಿಂದ ಬೀಜ ಬಿಡಿಸಿತು. ಕೊನೆಗೆ ಸಿಕ್ಕ ಹತ್ತಿ ಒಂದು ಔನ್ಸೂ ಇರಲಿಲ್ಲ. ಹಿಂದಿನವರು ಹತ್ತಿ ಬಿಟ್ಟು ಉಣ್ಣೆ ಬಟ್ಟೆ ಯಾಕೆ ಹಾಕುತ್ತಿದ್ದರು ಎಂದು ಅವರಿಗೆ ಬೆರಳಿನಿಂದಲೇ ಗೊತ್ತಾಯಿತು. ಅಲ್ಲಿಂದ ಬೀಜ ಬಿಡಿಸುವ ಯಂತ್ರ, ಅಲ್ಲಿಂದ ಕಾರ್ಖಾನೆ, ವ್ಯಾಪಾರ, ಭೂಗೋಳ.

ಡ್ಯೂಯಿಯನ್ನು ಓದದೆ ಹೊಗಳುವವರೂ ಬೈಯುವವರೂ "ಮಕ್ಕಳು ಇಷ್ಟ ಬಂದದ್ದು ಮಾಡಲಿ ಅಂದವನು" ಎಂದುಕೊಂಡಿದ್ದಾರೆ. ಅವನು ಹಾಗೆ ಹೇಳಲಿಲ್ಲ. ಅವನ ಹೆಸರು ಹೇಳಿಕೊಂಡು ಪಾಠವನ್ನೇ ಕೈಬಿಟ್ಟ ಶಾಲೆಗಳನ್ನು 1938ರಲ್ಲಿ ಅವನೇ ಟೀಕಿಸಿದ. ಹತ್ತಿಯ ಪಾಠದಲ್ಲಿ ಕಷ್ಟದ ಕೆಲಸ ಯಾರದ್ದು ನೋಡಿ: ಮುಂದೆ ಇತಿಹಾಸ ಬರುತ್ತದೆ, ಭೂಗೋಳ ಬರುತ್ತದೆ ಎಂದು ಗೊತ್ತಿದ್ದು, ಸರಿಯಾದ ಹೊತ್ತಿಗೆ ಸರಿಯಾದ ಪ್ರಶ್ನೆ ಎಸೆಯುವ ಶಿಕ್ಷಕಿಯದ್ದು. ಅಂಥವರು ಸಿಗದಿದ್ದರೆ ಉಳಿಯುವುದು ಬೀಜ ಬಿಡಿಸಿದ ಹತ್ತಿ ಮಾತ್ರ. ನಮ್ಮಲ್ಲಿ 'ಚಟುವಟಿಕೆ ಆಧಾರಿತ ಕಲಿಕೆ' ಎಂಬ ಹೆಸರಿನಲ್ಲಿ ಥರ್ಮಾಕೋಲ್ ಮಾಡೆಲ್ ಮಾಡಿ ಮನೆಗೆ ಬರುವ ಮಕ್ಕಳ ಗತಿಯೂ ಅಷ್ಟೇ. ಮಾಡೆಲ್ ಮಾಡಿದ್ದು ಅಪ್ಪ ಎಂಬುದು ಬೇರೆ ಮಾತು.

ನಾಲ್ಕನೇ ಪಂಗಡದವರಿಗೆ ಇಷ್ಟಕ್ಕೆ ಸಮಾಧಾನವಿಲ್ಲ. ಈಗಿರುವ ಸಮಾಜವೇ ಸರಿಯಿಲ್ಲ, ಅದಕ್ಕೆ ಹೊಂದಿಕೊಳ್ಳುವ ಮಕ್ಕಳನ್ನು ಯಾಕೆ ತಯಾರಿಸಬೇಕು ಎಂದು ಅವರು ಕೇಳುತ್ತಾರೆ. ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ ಹೆಸರು ಇಲ್ಲಿ ಮೊದಲು ಬರುತ್ತದೆ. ಆದರೆ ಅದಕ್ಕೂ ಎಷ್ಟೋ ಮುಂಚೆ, ಅವನಿಗಿಂತ ದೊಡ್ಡ ಪ್ರಮಾಣದಲ್ಲಿ, ಇದನ್ನು ಮಾಡಹೊರಟವರು ನಮ್ಮಲ್ಲೇ ಇದ್ದರು.

1937ರ ಅಕ್ಟೋಬರ್‌ನಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದರು. ಏಳು ವರ್ಷ ಉಚಿತ ಕಡ್ಡಾಯ ಶಿಕ್ಷಣ, ತಾಯ್ನುಡಿಯಲ್ಲಿ ಪಾಠ, ಎಲ್ಲ ಪಾಠವೂ ಒಂದು ಕೈಕಸುಬಿನ ಸುತ್ತ. ಮಕ್ಕಳು ಮಾಡಿದ ವಸ್ತು ಮಾರಿದ ಹಣದಲ್ಲಿ ಶಾಲೆಯ ಖರ್ಚೂ ಆದಷ್ಟು ಹೊರಡಬೇಕು. ಜಾಕಿರ್ ಹುಸೇನ್ ಸಮಿತಿ ಇದಕ್ಕೆ ಪಠ್ಯಕ್ರಮ ಬರೆಯಿತು. ದಿನದ ಐದೂವರೆ ಗಂಟೆಯನ್ನು ಅದು ಹಂಚಿದ ರೀತಿ ಹೀಗಿತ್ತು: ಕಸುಬಿಗೆ 3 ಗಂಟೆ 20 ನಿಮಿಷ. ಸಂಗೀತ, ಚಿತ್ರಕಲೆ, ಗಣಿತ ಮೂರಕ್ಕೂ ಸೇರಿ 40 ನಿಮಿಷ. ತಾಯ್ನುಡಿಗೆ 40. ಸಮಾಜ ಮತ್ತು ವಿಜ್ಞಾನಕ್ಕೆ 30. ಕವಾಯತಿಗೆ 10. ಬಿಡುವು 10.

ನನಗೆ ಇದು ಬಹಳ ಪ್ರಾಮಾಣಿಕ ವೇಳಾಪಟ್ಟಿ ಅನ್ನಿಸುತ್ತದೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ನಂಬಿದ್ದಕ್ಕೆ ಸಮಯ ಕೊಟ್ಟಿದ್ದಾರೆ, ಉಳಿದದ್ದನ್ನು ಕತ್ತರಿಸಿದ್ದಾರೆ, ಕತ್ತರಿಸಿದ್ದನ್ನು ಮುಚ್ಚಿಟ್ಟಿಲ್ಲ. ಇಂಗ್ಲಿಷ್ ಈ ಪಟ್ಟಿಯಲ್ಲೇ ಇಲ್ಲ.

ಇದರೊಳಗಿನ ಕಿಡಿಯನ್ನು ಶಿಕ್ಷಣತಜ್ಞ ಕೃಷ್ಣ ಕುಮಾರ್ ಚೆನ್ನಾಗಿ ತೋರಿಸಿದ್ದಾರೆ. ನೂಲುವುದು, ನೇಯುವುದು, ಚರ್ಮದ ಕೆಲಸ, ಮಡಕೆ ಮಾಡುವುದು ಇವೆಲ್ಲ ನಮ್ಮ ಸಮಾಜದಲ್ಲಿ ಕೆಳಗಿನ ಜಾತಿಗಳವು ಎಂದು ಇಟ್ಟಿದ್ದ ವಿದ್ಯೆಗಳು. ಶಾಲೆ ಎಂದರೆ ಮೇಲಿನವರ ಅಕ್ಷರವಿದ್ಯೆ ಎಂದಿದ್ದ ಕಡೆ, ಇವನ್ನು ಪಠ್ಯಕ್ರಮದ ನಡುಮನೆಗೆ ತಂದರೆ ಯಾರ ಜ್ಞಾನ ದೊಡ್ಡದು ಎಂಬ ಲೆಕ್ಕವೇ ತಲೆಕೆಳಗಾಗುತ್ತದೆ. ಬ್ರಾಹ್ಮಣರ ಮನೆಯ ಹುಡುಗ ಚರ್ಮ ಹೊಲಿಯಲು ಕಲಿಯುವಲ್ಲಿ, ಮಾದಾರರ ಮನೆಯ ಹುಡುಗ ಮೊದಲ ದಿನವೇ ಅವನಿಗಿಂತ ಮುಂದಿರುತ್ತಾನೆ.

ಆದರೆ ಅದೇ ಮಾದಾರರ ಮನೆಯ ಅಪ್ಪನ ಜಾಗದಲ್ಲಿ ನಿಂತು ನೋಡಿ. ಮಗ ಈ ಕಸುಬಿನಿಂದ ತಪ್ಪಿಸಿಕೊಳ್ಳಲಿ ಎಂದೇ ಅವನು ಶಾಲೆಗೆ ಕಳಿಸಿದ್ದು. ಅಲ್ಲೂ ಮೂರು ಗಂಟೆ ಇಪ್ಪತ್ತು ನಿಮಿಷ ಚರ್ಮವೇ ಅಂದರೆ? ಪಟ್ಟಣದ ಸಾಹುಕಾರನ ಮಗ ಮಾತ್ರ ಮಾಮೂಲಿ ಶಾಲೆಯಲ್ಲಿ ಇಂಗ್ಲಿಷ್ ಓದಿ ಗುಮಾಸ್ತನಾಗುತ್ತಾನೆ. ಮಕ್ಕಳ ದುಡಿಮೆಯಿಂದ ಶಾಲೆ ನಡೆಸುವುದರ ಬಗ್ಗೆ ಸಮ್ಮೇಳನದಲ್ಲೇ ಕೆ. ಟಿ. ಶಾ ಅವರಂಥವರು ತಕರಾರು ಎತ್ತಿದ್ದರು. ಸ್ವಾತಂತ್ರ್ಯದ ನಂತರ ಈ ವಾರ್ಧಾ ಯೋಜನೆಯ 'ಮೂಲಶಿಕ್ಷಣ'ದ ಶಾಲೆಗಳು ತೆರೆದವು, ನಿಧಾನವಾಗಿ ಸೊರಗಿದವು. ಮಾಮೂಲಿ ಶಾಲೆಗಳಲ್ಲಿ ವಾರಕ್ಕೊಂದೆರಡು ಪಿರಿಯಡ್ ತಕಲಿ ತಿರುಗಿಸುವುದು, ಮುಂದೆ ಎಸ್‌ಯುಪಿಡಬ್ಲ್ಯೂ (ಸಮಾಜಕ್ಕೆ ಉಪಯೋಗವಾಗುವ ಉತ್ಪಾದಕ ಕೆಲಸ) ಎಂಬ ಹೆಸರಿನಲ್ಲಿ ಬಿಡುವಿನ ಪಿರಿಯಡ್ ಉಳಿಯಿತು. ಕಸುಬು ಪಠ್ಯದ ನಡುವಿನಿಂದ ಅಂಚಿಗೆ ಸರಿದ ದಿನವೇ ವಾರ್ಧಾ ಮುಗಿದಿತ್ತು. ಎಲ್ಲರ ಮಕ್ಕಳಿಗೂ ಒಂದೇ ಶಾಲೆ ಇದ್ದಿದ್ದರೆ ಕತೆ ಬೇರೆಯಾಗುತ್ತಿತ್ತೇನೋ. ಎರಡು ಬಗೆಯ ಶಾಲೆ ಇರುವ ಕಡೆ, ಬಡವರ ಶಾಲೆಯಲ್ಲಿ ಮಾತ್ರ ಮಾಡುವ ಒಳ್ಳೆಯ ಪ್ರಯೋಗ ಬಡವರಿಗೆ ಮೋಸದಂತೆ ಕಾಣುತ್ತದೆ. ಆ ಅನುಮಾನದಲ್ಲಿ ತಪ್ಪೇನೂ ಇಲ್ಲ.

ದಕ್ಷಿಣ ಆಫ್ರಿಕಾಕ್ಕೆ ಇದು ಬೇರೆ ದಾರಿಯಲ್ಲಿ ಗೊತ್ತಾಯಿತು. ವರ್ಣಭೇದ ಹೋದ ಮೇಲೆ ಹಳೇ ಪುಸ್ತಕಗಳ ಮೇಲೆ ಅಲ್ಲಿನವರಿಗೆ ಸಿಟ್ಟಿತ್ತು. 1997ರಲ್ಲಿ 'ಕರಿಕ್ಯುಲಂ 2005' ಎಂಬ ಹೊಸ ಪಠ್ಯಕ್ರಮ ಪ್ರಕಟವಾಯಿತು. ವಿಷಯಗಳು ಹೋಗಿ ಎಂಟು ಕಲಿಕಾ ಕ್ಷೇತ್ರ ಬಂದವು, 66 ನಿರ್ದಿಷ್ಟ ಫಲಗಳು ಬಂದವು. ಯಾವ ವರ್ಷ ಏನು ಪಾಠ ಎಂದು ಹೇಳುವುದು ದಬ್ಬಾಳಿಕೆ, ಅದನ್ನು ಶಿಕ್ಷಕರೇ ತೀರ್ಮಾನಿಸಲಿ ಎಂಬುದು ಅದರ ಮನೋಭಾವ. ಉದ್ದೇಶ ದೊಡ್ಡದು. ಪುಸ್ತಕ, ತರಬೇತಿ, ಗ್ರಂಥಾಲಯ ಇದ್ದ ಹಳೇ ಬಿಳಿಯರ ಶಾಲೆಗಳು ಹೇಗೋ ನಿಭಾಯಿಸಿದವು. ಯಾವ ಕಪ್ಪು ಮಕ್ಕಳಿಗಾಗಿ ಇದನ್ನು ಮಾಡಿದರೋ ಅವರ ಶಾಲೆಗಳೇ ಜಾಸ್ತಿ ಪರದಾಡಿದವು. 2000ದಲ್ಲೇ ಮರುಪರಿಶೀಲನೆಗೆ ಸಮಿತಿ ಕೂತಿತು.

ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್ ಈ ಜಗಳದಲ್ಲಿ ಪಕ್ಷ ಬದಲಿಸಿದವರು. 1971ರಲ್ಲಿ, ಶಾಲೆಯಲ್ಲಿ ಕಲಿಸುವುದೆಲ್ಲ ಅಧಿಕಾರದಲ್ಲಿರುವವರ ಜ್ಞಾನ ಎಂದು ಎಡಪಂಥೀಯ ನೆಲೆಯಿಂದ ವಾದಿಸಿದ್ದರು. ದಕ್ಷಿಣ ಆಫ್ರಿಕಾದ ಜೊತೆಗೂ ಕೆಲಸ ಮಾಡಿದರು. ಆಮೇಲೆ ಅವರ ವಾದ ಹೀಗೆ ತಿರುಗಿತು: ಜ್ಞಾನ ಯಾರದ್ದು ಎಂದು ಕೇಳುವುದು ಸರಿ, ಆದರೆ ಅದರಿಂದ ಏನು ಮಾಡಲು ಸಾಧ್ಯ ಎಂದೂ ಕೇಳಬೇಕು. ಕೆಲವು ಜ್ಞಾನಕ್ಕೆ ಅದರದೇ ಬಲವಿದೆ. ಬಡವರ ಮಗುವಿಗೆ ಅದು ಮನೆಯಲ್ಲಿ ಸಿಗುವುದಿಲ್ಲ, ಶಾಲೆ ಕೊಡದಿದ್ದರೆ ಎಲ್ಲೂ ಸಿಗುವುದಿಲ್ಲ. ನೋಡಿ, 1893ರ ಹತ್ತು ಜನರ ಸಮಿತಿಯ ಮಾತು ಇನ್ನೊಂದು ಬಾಗಿಲಿನಿಂದ ಒಳಗೆ ಬಂತು.

ನಮ್ಮ ದೇಶದ ದಾಖಲೆಗಳು ಈ ನಾಲ್ಕರಲ್ಲಿ ಯಾವುದನ್ನು ಆರಿಸಿವೆ? ಎಲ್ಲವನ್ನೂ! 1964-66ರ ಕೊಠಾರಿ ಆಯೋಗ ಉತ್ಪಾದನೆ ಹೆಚ್ಚಬೇಕು ಅಂದಿತು, ವಿಜ್ಞಾನ ಬೇಕು ಅಂದಿತು, ಎಲ್ಲರಿಗೂ ಸಮಾನ ಶಾಲೆಯೂ ಬೇಕು ಅಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಕಡೆಗೆ ಎಲ್ಲಕ್ಕಿಂತ ಜಾಸ್ತಿ ವಾಲಿತು. ಅದರ ಹಿಂದೆ ಒಂದು ಮೈಸೂರಿನ ಕತೆಯೂ ಇದೆ. ರಾಜ್ಯಸಭೆಗೆ ನಾಮಕರಣಗೊಂಡಿದ್ದ ಆರ್. ಕೆ. ನಾರಾಯಣ್ 1989ರಲ್ಲಿ ಎದ್ದು ನಿಂತು ಮಾತಾಡಿದ್ದು ಶಾಲಾ ಬ್ಯಾಗಿನ ಬಗ್ಗೆ. ಭಾರ ಹೊತ್ತು ಹೊತ್ತು ಮಕ್ಕಳು ಬೆನ್ನು ಬಾಗಿ, ಕೈ ಮುಂದಕ್ಕೆ ಜೋತು ಬಿದ್ದು ಚಿಂಪಾಂಜಿಯ ಹಾಗೆ ನಡೆಯುತ್ತಿದ್ದಾರೆ ಎಂದರು. ಮುಂದೆ ವಿಜ್ಞಾನಿ ಯಶಪಾಲ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತಿತು. 1993ರಲ್ಲಿ ಬಂದ ಅದರ ವರದಿ ನಾರಾಯಣ್ ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಬ್ಯಾಗಿನ ತೂಕಕ್ಕಿಂತ ಕೆಟ್ಟ ಹೊರೆ ಬೇರೆ ಇದೆ, ಅದು ಅರ್ಥವಾಗದಿರುವ ಹೊರೆ ಎಂದಿತು. ಪುಸ್ತಕಗಳು ದಪ್ಪಗಿರುವುದಕ್ಕಿಂತ, ಒಂದು ಸಾಲಿನಲ್ಲಿ ನಾಲ್ಕು ವಿಚಾರ ತುರುಕಿರುವುದು ಸಮಸ್ಯೆ. ಅಂದರೆ ವಿವರಣೆ ಬರೆದು ಪುಟ ಹೆಚ್ಚಾದರೆ ಹೊರೆ ಇಳಿಯಬಹುದು, ಪುಟ ಕಿತ್ತರೆ ಏರಲೂಬಹುದು. ಈ ಮಾತನ್ನು ಆಮೇಲೆ ಬಂದವರು ಬೇಗ ಮರೆತರು.

ಅರ್ಥ ಮಾಡಿಕೊಂಡೇ ಕಲಿಯಬೇಕು ಎಂಬುದನ್ನು ನಿಜಕ್ಕೂ ಮಾಡಿ ತೋರಿಸಿದವರು ಮಧ್ಯಪ್ರದೇಶದ ಹೋಶಂಗಾಬಾದಿನವರು. 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಶುರುವಾದ ಅವರ ವಿಜ್ಞಾನ ಕಾರ್ಯಕ್ರಮದಲ್ಲಿ ಮಕ್ಕಳು ನಾಲ್ಕು ನಾಲ್ಕು ಜನ ಕೂತು ತಾವೇ ಪ್ರಯೋಗ ಮಾಡಬೇಕು. ಪುಸ್ತಕದಲ್ಲಿ ವ್ಯಾಖ್ಯಾನವಿಲ್ಲ, ಪ್ರಶ್ನೆಗಳಿವೆ. ಅದಕ್ಕಿಂತ ಮುಖ್ಯ, ಅವರು ಪರೀಕ್ಷೆಯನ್ನೇ ಬದಲಿಸಿದರು. ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದು, ಕೈಯಾರೆ ಪ್ರಯೋಗ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. 30 ವರ್ಷ ನಡೆಯಿತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಉಳಿದ ಕಡೆ ಚೌಕಟ್ಟುಗಳು ಬದಲಾದವು, ಪುಸ್ತಕದ ಮುಖಪುಟ ಬದಲಾಯಿತು, ಪ್ರಶ್ನೆಪತ್ರಿಕೆಯ ಜೀವ ಹೆಚ್ಚೂಕಡಿಮೆ ಅದೇ ಉಳಿಯಿತು.

ಇಷ್ಟೆಲ್ಲ ಪಕ್ಕಕ್ಕಿಡಿ. ಪಠ್ಯಕ್ರಮ ಅಂದರೆ ನಮ್ಮ ಟಿವಿ ಚರ್ಚೆಗಳಲ್ಲಿ ಬರುವುದು ಒಂದೇ: ಯಾರ ಪಾಠ ತೆಗೆದರು, ಯಾರ ಪಾಠ ಹಾಕಿದರು. 2022ರಲ್ಲಿ ಕರ್ನಾಟಕದ ಪುಸ್ತಕಗಳ ಪರಿಷ್ಕರಣೆ ಆದಾಗ ದೇವನೂರ ಮಹಾದೇವ ಸೇರಿದಂತೆ ಹಲವು ಲೇಖಕರು ತಮ್ಮ ಪಾಠ ಬೇಡ ಎಂದು ಅನುಮತಿ ವಾಪಸ್ ಪಡೆದರು. 2023ರಲ್ಲಿ ಸರ್ಕಾರ ಬದಲಾಯಿತು, ಪುಸ್ತಕ ಮತ್ತೆ ತಿದ್ದಾಯಿತು. ಯಾವ ಪಾಠ ಸರಿ ಎಂಬುದರಲ್ಲಿ ನನಗೂ ಅಭಿಪ್ರಾಯವಿದೆ. ಆದರೆ ಈ ಲೇಖನದ ಮಟ್ಟಿಗೆ ಗಮನಿಸಬೇಕಾದದ್ದು ಬೇರೆ. ಕಿತ್ತಾಡುತ್ತಿದ್ದ ಎರಡೂ ಕಡೆಯವರು ಒಂದು ವಿಷಯದಲ್ಲಿ ಒಂದೇ ನಂಬಿಕೆಯವರು. ಶಾಲೆ ಇರುವುದು ಒಂದು ಬಗೆಯ ನಾಗರಿಕರನ್ನು ತಯಾರಿಸಲು, ಪಾಠ ಓದಿದರೆ ಮಕ್ಕಳು ಹಾಗಾಗುತ್ತಾರೆ. ಇಬ್ಬರೂ ನಾಲ್ಕನೇ ಪಂಗಡದವರೇ. ಅವರ ಕನಸಿನ ಸಮಾಜಗಳು ಬೇರೆ, ಅಷ್ಟೇ. ಮಗು ಆ ಪಾಠವನ್ನು ಓದುವುದು ಹೇಗೆ, ಮೇಷ್ಟ್ರು ಅದಕ್ಕೆ ಎಷ್ಟು ಪಿರಿಯಡ್ ಕೊಡುತ್ತಾರೆ ಎಂದು ಯಾರೂ ಕೇಳಲಿಲ್ಲ.

ಮೇಷ್ಟ್ರು ಅದನ್ನು ತೀರ್ಮಾನಿಸುವುದು 'ನೀಲನಕ್ಷೆ' ನೋಡಿ. ಎಸ್‌ಎಸ್‌ಎಲ್‌ಸಿಯಲ್ಲಿ ಯಾವ ಘಟಕಕ್ಕೆ ಎಷ್ಟು ಅಂಕ ಎಂದು ಹೇಳುವ ಕಾಗದ ಅದು. ಚೌಕಟ್ಟಿನ ನೂರಾರು ಪುಟಗಳನ್ನು ಓದಿದ ಶಿಕ್ಷಕರು ಕಡಿಮೆ, ನೀಲನಕ್ಷೆ ಬಾಯಿಗೆ ಬರದವರು ಇನ್ನೂ ಕಡಿಮೆ. ಡಿಸೆಂಬರ್ ದಾಟುತ್ತಿದ್ದಂತೆ ಹೈಸ್ಕೂಲುಗಳಲ್ಲಿ 'ಪಾಸಿಂಗ್ ಪ್ಯಾಕೇಜ್' ಓಡಾಡಲು ಶುರುವಾಗುತ್ತದೆ. ಹಿಂದುಳಿದ ಮಕ್ಕಳಿಗಾಗಿ ತೆಗೆದಿಟ್ಟ ಕೆಲವೇ ಪುಟಗಳು. ಗಣಿತದಲ್ಲಿ ನಕ್ಷೆಯ ಲೆಕ್ಕ, ಒಂದು ಪ್ರಮೇಯ. ವಿಜ್ಞಾನದಲ್ಲಿ ನಾಲ್ಕಾರು ಚಿತ್ರ. ಸಮಾಜದಲ್ಲಿ ಭಾರತದ ನಕ್ಷೆ. ಕನ್ನಡದಲ್ಲಿ ಗಾದೆ ವಿಸ್ತರಣೆ, ಪತ್ರ, ಕಂಠಪಾಠದ ಪದ್ಯ, ಪ್ರಸ್ತಾರ ಹಾಕಿ ಗಣ ವಿಂಗಡಿಸುವುದು.

ಇದನ್ನು ನೋಡಿ ನಗಬೇಡಿ. ಹತ್ತು ವರ್ಷ ಎಲ್ಲ ಉದ್ದೇಶಗಳಿಗೂ "ಆಯ್ತು" ಅಂದು, ಯಾವುದಕ್ಕೂ ಸಾಕಷ್ಟು ಸಮಯ ಕೊಡದ ವ್ಯವಸ್ಥೆಯಲ್ಲಿ ಕೊನೆಗೆ ಆಯ್ಕೆ ಮಾಡುವ ಕೆಲಸ ಯಾರ ತಲೆಗೆ ಬೀಳುತ್ತದೆ? ಫಲಿತಾಂಶ ಕಡಿಮೆಯಾದರೆ ನೋಟಿಸ್ ಪಡೆಯುವ ಮೇಷ್ಟ್ರ ತಲೆಗೆ. ದೆಹಲಿಯಲ್ಲೂ ಬೆಂಗಳೂರಲ್ಲೂ ಯಾರೂ ಬಿಡಲು ಒಪ್ಪದ್ದನ್ನು ಅವರು ಜನವರಿಯಲ್ಲಿ ಬಿಡುತ್ತಾರೆ. ಪ್ರಸ್ತಾರಕ್ಕೆ ಜಾಗ ಸಿಗುತ್ತದೆ, ಪ್ರಜಾಪ್ರಭುತ್ವಕ್ಕೆ ಸಿಗುವುದಿಲ್ಲ.

ಅಧಿಕೃತವಾಗಿ ಬಿಟ್ಟದ್ದೂ ಇದೆ. ಕೇಂದ್ರದ ಪಠ್ಯಪುಸ್ತಕ ತಯಾರಿಸುವ ಸಂಸ್ಥೆ ಎನ್‌ಸಿಇಆರ್‌ಟಿ ಕೋವಿಡ್ ಹೊತ್ತಿನ ಹೊರೆ ಇಳಿಸುವುದಾಗಿ ಹೇಳಿ ಪುಸ್ತಕಗಳನ್ನು ಕತ್ತರಿಸಿತು. 2023ರ ಹೊತ್ತಿಗೆ ಹತ್ತನೇ ತರಗತಿಯ ವಿಜ್ಞಾನದಿಂದ ಜೀವವಿಕಾಸ ಹೋಗಿತ್ತು, ಧಾತುಗಳ ಆವರ್ತ ಕೋಷ್ಟಕದ ಅಧ್ಯಾಯವೂ ಹೋಗಿತ್ತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಬೇಕಾದವರು ಮುಂದೆ ಹನ್ನೊಂದು, ಹನ್ನೆರಡರಲ್ಲಿ ಓದುತ್ತಾರಲ್ಲ ಎಂಬ ಸಮರ್ಥನೆ ಬಂತು.

ಈ ಸಮರ್ಥನೆಯಲ್ಲಿ ಸುಳ್ಳಿಲ್ಲ. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಪಾಠ ಇದೆ. ಆದರೆ ಇದನ್ನು ಹೇಳುವಾಗಲೇ ಹತ್ತನೇ ತರಗತಿ ಯಾರಿಗಾಗಿ ಇದೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟಾಗಿದೆ. ಅದು ಮುಂದೆ ಡಾಕ್ಟರೋ ವಿಜ್ಞಾನಿಯೋ ಆಗುವವರಿಗೆ ತಯಾರಿ ಎಂದಾದರೆ ಎರಡು ವರ್ಷ ತಡವಾದರೆ ನಷ್ಟವಿಲ್ಲ. ಎಲ್ಲ ಮಕ್ಕಳೂ ಕೂಡಿ ವಿಜ್ಞಾನ ಓದುವ ಕೊನೆಯ ವರ್ಷ ಎಂದಾದರೆ, ಪಿಯುಸಿಯಲ್ಲಿ ಕಾಮರ್ಸೋ ಆರ್ಟ್ಸೋ ತೆಗೆದುಕೊಳ್ಳುವವರು, ಐಟಿಐಗೆ ಹೋಗುವವರು, ಅಲ್ಲಿಗೇ ಓದು ನಿಲ್ಲಿಸಿ ಗಾರ್ಮೆಂಟ್ಸ್‌ಗೆ ಸೇರುವ ಹುಡುಗಿಯರು, ಜೀವಗಳು ಹೇಗೆ ಬದಲಾಗುತ್ತ ಬಂದವು ಎಂಬುದನ್ನು ಇನ್ನು ಯಾವ ತರಗತಿಯಲ್ಲೂ ಕೇಳುವುದಿಲ್ಲ.